ಗಂಧಕ ಮೆತ್ತಿದ ಡಾಬು

ಹೈಸ್ಕೂಲಿನ ಮಕ್ಕಳಿಗೆ ಪರಮಾಣು, ಸಂಯುಕ್ತ ಅಂತ ಪಾಠ ಹೇಳುವವಳು ನಾನು. ಅದೇ ಪಾಠವನ್ನು ಅತ್ತೆ ಕಾಶಿಬಾಯಿಯ ಮೇಲೆ ಪ್ರಯೋಗ ಮಾಡಿದೆ. ತಪ್ಪು ಅನ್ನುವವರು ಅನ್ನಲಿ. ನನ್ನಪ್ಪನ ಮಾನ ಬೀದಿಯಲ್ಲಿ ಬಿದ್ದಿರಲಿಲ್ಲ.

ಯುಗಾದಿಗೆ ಮುಂಚೆ ತವರಿಗೆ, ಟಿಕೋಟಾಕ್ಕೆ ಹೋಗಿದ್ದೆ. ಅಲ್ಲಿ ಒಣದ್ರಾಕ್ಷಿಗೆ ಒಳ್ಳೆಯ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರೆ. ಶೆಡ್ಡಿನಲ್ಲಿ ಗಂಧಕದ ಪುಡಿ ತುಳಿದಾಡಿ ಮದುವೆಯಲ್ಲಿ ಅಪ್ಪ ಕೊಟ್ಟ ನನ್ನ ಬೆಳ್ಳಿ ಕಾಲ್ಚೈನು ಕಪ್ಪಾದವು. ಹಾಗೇ ವಿಜಯಪುರಕ್ಕೆ, ಜಲನಗರದ ಗಂಡನ ಮನೆಗೆ ಬಂದೆ. ಹಬ್ಬದ ದಿನ ಅಪ್ಪ ಗುರಲಿಂಗಪ್ಪ ನೆಂಟರ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾಗ ಅತ್ತೆ ನನ್ನ ಕಾಲು ತೋರಿಸಿದರು.

“ನೋಡ್ರಿ, ಖೋಟಾ ಬೆಳ್ಳಿ! ಖರೆ ಬೆಳ್ಳಿ ಎಲ್ಲೆರ ಇಷ್ಟು ಕರ್ರಗ ಆಗತೈತೇನು? ಮಗಳ ಮದವ್ಯಾಗ ಮೋಸ ಮಾಡ್ಯಾರ ಬೀಗರು!”

ನಾನು ಗಂಧಕದ ಮಾತೆತ್ತಿದೆ. “ಸಾಲಿ ಪಾಠ ಸಾಲ್ಯಾಗಿಟ್ಟಕೋ” ಎಂದು ಬಾಯಿ ಮುಚ್ಚಿಸಿದರು. ಅಪ್ಪ ಅರ್ಧ ಹೋಳಿಗೆ ಬಿಟ್ಟು ಎದ್ದು ಹೋದರು. ಆಮೇಲೆ ನಮ್ಮ ಹೊಸ್ತಿಲು ತುಳಿಯಲೇ ಇಲ್ಲ.

ಅತ್ತೆಗೊಂದು ಬೆಳ್ಳಿ ಡಾಬು ಇದೆ. ನಡುವಿಗೆ ಕಟ್ಟಿದರೆಂದರೆ ಬಬಲೇಶ್ವರದ ಅಣ್ಣ ಶಂಕ್ರೆಪ್ಪ ಮಾಡಿಸಿಕೊಟ್ಟದ್ದೆಂದು ಓಣಿಗೆಲ್ಲ ಸಾರಿ ಬರುತ್ತಾರೆ. ನಾಗರ ಪಂಚಮಿಗೆ ಆ ಅಣ್ಣ ಬರುವವರಿದ್ದರು. “ತೊಳದಿಡು” ಎಂದು ಡಾಬನ್ನು ನನ್ನ ಕೈಗೇ ಕೊಟ್ಟರು. ನನ್ನ ಕೈಗೆ! ತೊಳೆದೆ. ಒದ್ದೆ ಇರುವಾಗಲೇ ತವರಿನಿಂದ ತಂದಿದ್ದ ಗಂಧಕದ ಪುಡಿ ಮೆತ್ತಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಹಬ್ಬದ ಹೊತ್ತಿಗೆ ಪುಡಿ ಝಾಡಿಸಿ ಡಬ್ಬಿಗೆ ಹಾಕಿದೆ.

ಪಂಚಮಿ ದಿನ ಮಂದಿಯ ನಡುವೆ ಡಬ್ಬಿ ತೆರೆದ ಅತ್ತೆ “ಅಯ್ಯ ಶಿವನ!” ಎಂದು ಚೀರಿದರು. ಡಾಬು ರೊಟ್ಟಿ ಹಂಚಿನಂತೆ ಕಪ್ಪಾಗಿತ್ತು.

“ಅತ್ತಿ, ಯುಗಾದಿಗೆ ನನ್ನಪ್ಪ ಕೊಟ್ಟ ಬೆಳ್ಳಿ ಖೋಟಾ ಅಂದ್ರಿ. ಇದೂ ಖೋಟಾ ಏನ್ರಿ? ಶಂಕ್ರೆಪ್ಪ ಮಾಮಾನೂ ಮೋಸ ಮಾಡ್ಯಾರೇನ್ರಿ?” ಎಂದೆ.

ಮಾಮಾನ ಮುಖ ಕೆಂಪಾಯಿತು. “ಹೇಳ ಬೇ ಕಾಶಿ” ಎಂದರು. ಅತ್ತೆ ಡಾಬನ್ನು ಸೆರಗಿನಿಂದ ಉಜ್ಜತೊಡಗಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ನಗು ತಡೆಯಲು ತುಟಿ ಕಚ್ಚಿಕೊಂಡೆ.

ಅಲ್ಯುಮಿನಿಯಂ ಪಾತೇಲಿಯಲ್ಲಿ ನೀರು ಕುದಿಸಿ, ಅಡುಗೆ ಸೋಡಾ ಹಾಕಿ, ಡಾಬನ್ನೂ ನನ್ನ ಚೈನನ್ನೂ ಎಲ್ಲರೆದುರು ಅದರೊಳಗೆ ಬಿಟ್ಟೆ.

“ಬೆಳ್ಳಿ ಎಲ್ಲೂ ಹೋಗಿಲ್ರಿ ಮಾಮಾ. ಗಂಧಕದ ಪರಮಾಣು ಬೆಳ್ಳಿ ಪರಮಾಣು ಜೋಡಿ ಕೂಡಿ ಮ್ಯಾಲ ಕರೇ ಪದರ ಆಗೈತಿ, ಅಷ್ಟ. ಖರೆ ಬೆಳ್ಳಿನೂ ಹಿಂಗ ಕರ್ರಗ ಆಗತೈತಿ. ಡಾಬಿಗೆ ಗಂಧಕ ಹಚ್ಚಿದಾಕಿ ನಾನ.”

ಕೊಳೆತ ತತ್ತಿಯ ನಾತ ಎದ್ದಿತು. ಹೊರತೆಗೆದಾಗ ಎರಡೂ ಬೆಳ್ಳಗೆ ಹೊಳೆಯುತ್ತಿದ್ದವು.

“ಕೇಳಿದೇನಣ್ಣಾ, ಈಕಿನ ಮಾಡ್ಯಾಳ!” ಎಂದು ಅತ್ತೆ ಕೂಗಾಡಿದರು.

“ಆಕಿ ಮಾಡಿದ್ದು ತೊಳದ್ರ ಹೋತು. ನೀ ಆ ಹಿರೇ ಮನಷ್ಯಾಗ ಅಂದದ್ದು?” ಎಂದ ಮಾಮಾ ತಂಗಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ನೇರ ಟಿಕೋಟಾಕ್ಕೆ ಹೊರಟರು. ನಾನೂ ಹತ್ತಿದೆ.

ಅಪ್ಪನ ಅಂಗಳದಲ್ಲಿ ಓಣಿಯ ಮಂದಿ ಕೂಡಿತು. ಅತ್ತೆ ನೆಲ ನೋಡುತ್ತ, “ಬೆಳ್ಳಿ ಖರೇನ ಐತ್ರಿ ಬೀಗರ. ತಪ್ಪಾತು” ಎಂದು ಗೊಣಗಿದರು.

“ಜೋರಾಗಿ ಅನ್ರಿ ಅತ್ತಿ. ಯುಗಾದಿ ದಿನಾ ದನಿ ಚಲೋ ಇತ್ತಲ್ಲ?”

ಜೋರಾಗಿ ಅಂದರು. ಕಣ್ಣಲ್ಲಿ ನೀರು ಬಂತು. ಅಪ್ಪ ನನ್ನ ಕೈ ಹಿಡಿದು, “ಸಾಕ ಬಿಡವಾ, ನನಗ ಮುಟ್ಟಿತು” ಎಂದರು.

“ನನಗ ಇನ್ನೂ ಮುಟ್ಟಿಲ್ಲಪ್ಪಾ” ಎಂದೆ. ಅತ್ತೆಯತ್ತ ತಿರುಗಿದೆ. “ಇನ್ನೊಮ್ಮಿ ಅನ್ರಿ.”