ನೀರಿನ ಮಗ್ಗುಲು

ಕಾಲುವೆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಂಟು ಎಂದೇ ಕರೆಯುತ್ತಿದ್ದರು. ಬಿಟ್ಟುಹೋದ ದೋಣಿಗಳಿಗೆ ನೋಟಿಸು ಅಂಟಿಸುವುದು ಅವಳ ಕೆಲಸ. ಹಿಡಿದದ್ದನ್ನು ಬಿಡದಿರುವುದು ಅವಳ ಸ್ವಭಾವ. ಹೆಸರು ಬಂದದ್ದು ಯಾವುದರಿಂದ ಎಂದು ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ.

ನಿಯಮವೇನೂ ಕಷ್ಟದ್ದಲ್ಲ. ನಂಬರು ಫಲಕವಿಲ್ಲದ ದೋಣಿ, ಇಲ್ಲವೇ ತಿಂಗಳುಗಟ್ಟಲೆ ಅಲುಗದೆ ನಿಂತ ದೋಣಿ, ಕಾನೂನಿನ ಕಣ್ಣಿಗೆ ಬಿಟ್ಟುಹೋದ ದೋಣಿ. ಅದಕ್ಕೆ ನೋಟಿಸು ಅಂಟಿಸಿ ಮೂವತ್ತು ದಿನ ಕಾಯಬೇಕು. ಮೂವತ್ತೊಂದನೆಯ ದಿನ ದಡದಲ್ಲಿ ನಿಂತು, ‘ಈ ದೋಣಿಗೆ ವಾರಸುದಾರರು ಯಾರಾದರೂ ಇದ್ದೀರಾ?’ ಎಂದು ಮೂರು ಸಲ ಕೂಗಬೇಕು. ಯಾರೂ ಓಗೊಡದಿದ್ದರೆ ಎಳೆದೊಯ್ದು ಪುಡಿ ಮಾಡಬೇಕು.

ಅವಳು ಹನ್ನೊಂದು ವರ್ಷದವಳಿದ್ದಾಗ ಅಪ್ಪ ಕಾಲು ಮುರಿದುಕೊಂಡು ಮಲಗಿದ. ಅವನ ದೋಣಿಯೂ ಕಟ್ಟಿದಲ್ಲೇ ನಿಂತಿತು. ಅಮ್ಮ ದಿನಾ ದಡಕ್ಕೆ ಹೋಗಿ ನೋಡಿ ಬರುತ್ತಿದ್ದಳು. ದೋಣಿಯ ಮೇಲೆ ಕಾಗದದ ಚೂರೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ದೋಣಿಯೇ ಕಾಣಲಿಲ್ಲ. ಕಚೇರಿಗೆ ಓಡಿದರೆ, ಅಲ್ಲಿನ ದೊಡ್ಡ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು: “ನೀರಿನ ಮಗ್ಗುಲಿಗೆ ಅಂಟಿಸಿದ್ವಲ್ಲಮ್ಮ. ದೋಣಿಗೆ ಅಂಟಿಸಬೇಕು ಅಂತ ಕಾನೂನಿದೆ. ಯಾವ ಮಗ್ಗುಲಿಗೆ ಅಂತ ಇಲ್ಲ.” ಕಡತದಲ್ಲಿ ಅವರದೇ ಗುಂಡು ಅಕ್ಷರ: ‘ಪುಡಿ ಮಾಡಲಾಗಿದೆ.’

ಅಪ್ಪ ಆಮೇಲೆ ಎದ್ದು ಓಡಾಡಿದ. ಆದರೆ ಸಾಯುವವರೆಗೂ ಸುತ್ತುದಾರಿ ಹಿಡಿದ, ಕಾಲುವೆ ಕಾಣದ ಹಾಗೆ. ಅಮ್ಮ ಮಾತ್ರ ದೋಣಿಯ ಬಗ್ಗೆ ಒಂದೇ ದೂರು ಹೇಳುತ್ತಿದ್ದಳು. “ಅದರ ತೂತು ಮುಚ್ಚೋಕೆ ನಿಮ್ಮಪ್ಪ ನನ್ನ ಅಡುಗೆಮನೆ ಕಪಾಟಿನ ಬಾಗಿಲು ಕಿತ್ಕೊಂಡು ಹೋದ್ರು. ಇವತ್ತಿಗೂ ಪರದೆ ಕಟ್ಕೊಂಡು ಸಂಸಾರ ಮಾಡ್ತಿದೀನಿ.”

ಸಾಹೇಬರು ನಿವೃತ್ತರಾಗಿ ಆರು ವರ್ಷ. ಅವರ ಹಿತ್ತಿಲ ಕಟ್ಟೆಗೆ ಒಂದು ಹಸಿರು ದೋಣಿ ಕಟ್ಟಿರುತ್ತಿತ್ತು. ವರ್ಷಕ್ಕೊಮ್ಮೆ ಸ್ವಂತ ಕೈಯಿಂದ ಬಣ್ಣ ಬಳಿಯುವರು, ಸಂಜೆ ಅದರಲ್ಲಿ ಕೂತು ಚಹಾ ಕುಡಿಯುವರು. ಹೆಂಡತಿಗೂ ಇಷ್ಟು ಆರೈಕೆ ಸಿಗಲಿಲ್ಲವೆಂದು ನೆರೆಯವರ ಗೊಣಗು. ಫಲಕ ಇರಲಿಲ್ಲ. ಹಳೇ ಸಾಹೇಬರನ್ನು ಫಲಕ ಕೇಳುವವರಾರು?

ಎರಡು ತಿಂಗಳ ಹಿಂದೆ ತಪಾಸಣೆಗೆ ಹೋದ ಅಂಟುವನ್ನು ಅವರೇ ಕರೆದು ಕೂರಿಸಿದರು. ಅವಳು ಯಾರ ಮಗಳೆಂದು ಅವರಿಗೆ ನೆನಪಿರಲಿಲ್ಲ. ಅಷ್ಟು ದೋಣಿಗಳಲ್ಲಿ ಯಾವುದೆಂದು ನೆನಪಿಟ್ಟುಕೊಳ್ಳುವುದು?

“ನೋಡಮ್ಮ, ಇಂಥ ಕೆಲಸ ಈಗ ಯಾರು ಮಾಡ್ತಾರೆ!” ಎಂದು ಕೂರುವ ಹಲಗೆ ಎತ್ತಿ ತೋರಿಸಿದರು.

ಕೆಳಗೆ, ಬಣ್ಣ ಮುಟ್ಟದ ಒಂದು ತೇಪೆ. ಅದರ ಮೇಲೆ ಮೊಳೆಯಿಂದ ಗೀಚಿದ ಅಡ್ಡಗೆರೆಗಳು, ಒಂದರ ಮೇಲೊಂದು: ಮೂರು ವರ್ಷ, ನಾಲ್ಕು ವರ್ಷ, ಐದು ವರ್ಷ. ಅವಳ ಎತ್ತರ. ಅಪ್ಪನ ಕೈ.

“ಚೆನ್ನಾಗಿದೆ ಸರ್” ಎಂದಳು. ಚಹಾ ಪೂರ್ತಿ ಕುಡಿದಳು. ಲೋಟ ತೊಳೆದಿಟ್ಟಳು.

ಮಾರನೆಯ ದಿನ ಅಪ್ಪನ ದೋಣಿಯ ಕಡತ ಹುಡುಕಿ ತೆಗೆದಳು. ಮುಂದಿನ ತಿಂಗಳ ಮೊದಲ ದಿನ, ಸಾಹೇಬರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಕಚೇರಿಯ ತೆಪ್ಪದಲ್ಲಿ ಆಚೆಯಿಂದ ಬಂದು ಹಸಿರು ದೋಣಿಗೆ ನೋಟಿಸು ಅಂಟಿಸಿದಳು. ನೀರಿನ ಮಗ್ಗುಲಿಗೆ. ಎರಡು ಪದರ ಅಂಟು, ಮೇಲೊಂದು ಮೇಣದ ಹಾಳೆ.

ಮೂವತ್ತು ದಿನವೂ ಸಾಹೇಬರು ದಡದಿಂದ ಹತ್ತಿದರು, ದಡಕ್ಕೆ ಇಳಿದರು. ತಮ್ಮದೇ ಉಪಾಯದಿಂದ ಒಂದು ಗೇಣು ದೂರದಲ್ಲಿ ಚಹಾ ಹೀರಿದರು.

ಮೂವತ್ತೊಂದನೆಯ ಬೆಳಿಗ್ಗೆ ಎಳೆಯುವ ಬೋಟು ಬಂತು. ಅಂಟು ಬಂದಳು. ಅವಳ ಹಿಂದೆ, ಕೈಚೀಲ ಹಿಡಿದುಕೊಂಡು ಅಮ್ಮ. ದೋಣಿಯನ್ನು ಮನೆಗೆ ತರುವುದೆಂದು ತಾಯಿ ಮಗಳು ಮಾತಾಡಿಕೊಂಡಿದ್ದರು.

“ಏನಿದು ತಮಾಷೆ?” ಸಾಹೇಬರು ಬನಿಯನ್ನಿನಲ್ಲೇ ಓಡಿಬಂದರು. “ನೋಟಿಸೆಲ್ಲಿ?”

“ನೀರಿನ ಮಗ್ಗುಲಲ್ಲಿದೆ ಸರ್. ಯಾವ ಮಗ್ಗುಲಿಗೆ ಅಂತ ಕಾನೂನಲ್ಲಿ ಇಲ್ವಲ್ಲ.”

ಬೋಟಿನ ಚಾಲಕ ಕೆಮ್ಮಿದ. ಅದು ಕೆಮ್ಮಲ್ಲ ಎಂಬುದು ಎಲ್ಲರಿಗೂ ತಿಳಿಯಿತು.

ಅಂಟು ದಡದ ಅಂಚಿಗೆ ನಿಂತು ಕೂಗಿದಳು. “ಈ ದೋಣಿಗೆ ವಾರಸುದಾರರು ಯಾರಾದರೂ ಇದ್ದೀರಾ?”

ಸಾಹೇಬರು ಬಾಯಿ ತೆರೆದರು. ಅವಳು ಕಂಕುಳಲ್ಲಿದ್ದ ಹಳೆಯ ಕಡತವನ್ನು ಮೆಲ್ಲಗೆ ಬಿಚ್ಚಿ ಅವರ ಕಡೆ ತಿರುಗಿಸಿದಳು. “ನಿಮ್ಮದಾದ್ರೆ ಹೇಳಿ ಸರ್. ಎಲ್ಲಿಂದ ಬಂತು ಅಂತ ಒಂದು ಸಾಲು ಬರ್ಕೊಟ್ರೆ ಸಾಕು.”

ಗುಂಡು ಅಕ್ಷರವನ್ನು ಸಾಹೇಬರು ಗುರುತಿಸಿದರು. ಆಮೇಲೆ ಅಮ್ಮನನ್ನು. ತೆರೆದ ಬಾಯಿ ಮುಚ್ಚಿತು.

ಎರಡನೆಯ ಕೂಗು. ಮೂರನೆಯದು.

“ನಾನಿದೀನಿ” ಎಂದಳು ಅಮ್ಮ. “ಕೂರೋ ಹಲಗೆ ಎತ್ತಿ ನೋಡಿ. ನನ್ನ ಕಪಾಟಿನ ಬಾಗಿಲಿದೆ. ಅದರ ಮೇಲೆ ಇವಳ ಎತ್ತರ ಇದೆ.”

ಚಾಲಕ ಇಳಿದು ನೋಡಿದ. ನೋಡಿದವನು ಸಾಹೇಬರ ಮುಖ ನೋಡದೆ ಕೇಳಿದ: “ಸರಿ ತಾಯಿ. ಎಲ್ಲಿಗೆ ಎಳೀಲಿ?”

ಅಮ್ಮ ಸಾಹೇಬರನ್ನೇ ನೋಡುತ್ತಿದ್ದಳು. ಅವರ ಕೈ ತಾನಾಗಿ ಹೋಗಿ ಹಸಿರು ಅಂಚನ್ನು ಸವರುತ್ತಿತ್ತು, ಜ್ವರ ಬಂದ ಮಗುವಿನ ತಲೆ ಸವರುವಂತೆ.

“ಬಾಗಿಲು ಕಿತ್ತು ನನ್ನ ಕೈಗೆ ಕೊಡಪ್ಪ” ಎಂದಳು ಅಮ್ಮ. “ಉಳಿದದ್ದು ಪುಡಿ ಮಾಡು.”

“ಅಮ್ಮಾ!” ಅಂಟುವಿನ ಕೈಯಿಂದ ಕಡತ ಜಾರಿತು. ಇದು ಮಾತಾಡಿಕೊಂಡದ್ದಲ್ಲ.

“ಸುಮ್ನಿರೇ. ದೋಣಿ ಮನೆಗೆ ತಂದ್ರೆ ಇವರಿಗೇನು ಶಿಕ್ಷೆ ಆದಂಗಾಯ್ತು? ನೀನು ಮೇಲಿನವರಿಗೆ ದೂರು ಕೊಡ್ತೀಯ. ಅವರೊಂದು ಕಾಗದ ಕಳಿಸ್ತಾರೆ. ಇವರು ಅದಕ್ಕೊಂದು ಕಾಗದ ಬರೀತಾರೆ. ಕಾಗದದಲ್ಲಿ ಇವರನ್ನ ಗೆದ್ದವರುಂಟಾ?”

“ಬೇಡಮ್ಮ, ಒಳ್ಳೇ ದೋಣಿ. ನೀವೇ ಇಟ್ಕೊಳ್ಳಿ” ಎಂದರು ಸಾಹೇಬರು, ಅಂಚು ಬಿಡದೆ. “ದಿನಾ ದಡದಿಂದ ನೋಡ್ಕೊಂಡಾದ್ರೂ ಇರ್ತೀನಿ.”

“ಅದಕ್ಕೇ ಸಾರ್. ನಮ್ಮವರಿಗೆ ಅಷ್ಟೂ ಸಿಗಲಿಲ್ಲ.” ಅಮ್ಮ ನೆಲದ ಮೇಲಿನ ಕಡತ ಎತ್ತಿ ಧೂಳು ಕೊಡವಿ ಮಗಳ ಕೈಗಿಟ್ಟಳು. “ಪುಡಿ ಮಾಡಲಾಗಿದೆ ಅಂತ ನೀವೇ ಬರೆದಿದೀರ. ದೊಡ್ಡವರ ಕೈಬರಹ ಸುಳ್ಳಾಗಬಾರದು.”

ಚಾಲಕ ಬಾಗಿಲು ಕಿತ್ತುಕೊಟ್ಟು, ತೂತಿಗೆ ಟಾರ್ಪಾಲು ತುರುಕಿದ. ಹಗ್ಗ ಬಿಗಿಯಿತು. ದೋಣಿ ತಿರುಗಿದಾಗ ನೀರಿನ ಮಗ್ಗುಲು ಮೊದಲ ಸಲ ದಡಕ್ಕೆ ಕಂಡಿತು. ನೋಟಿಸು ಒಂದು ಮೂಲೆಯೂ ಏಳದೆ ಗಟ್ಟಿಯಾಗಿ ಕೂತಿತ್ತು. ಸಾಹೇಬರು ಅದನ್ನು ಕೊನೆಯ ಸಾಲಿನವರೆಗೂ ಓದಿದರು. ಓದಲು ಈಗ ಸಾಕಷ್ಟು ಪುರುಸೊತ್ತಿತ್ತು.

ಬಾಗಿಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟ ಅಮ್ಮ ತಿರುವಿನಲ್ಲಿ ನಿಂತಳು. ಮಗಳು ಅಳುತ್ತಿದ್ದುದನ್ನು ಕಂಡು, ಹಲಗೆಯನ್ನು ಅವಳ ಪಕ್ಕ ನೆಟ್ಟಗೆ ಹಿಡಿದು ಅಳೆದು ನೋಡಿದಳು. ಐದು ವರ್ಷದ ಗೆರೆ ಸೊಂಟಕ್ಕೆ ಬಂತು.

“ಬೆಳೆದಿದೀಯ ಕಣೇ” ಎಂದಳು. “ನಡಿ. ಕಪಾಟಿನ ಬಾಗಿಲಿಗೆ ಎರಡು ಕೀಲು ತಗೋಬೇಕು.”