ಮೇಣದ ಬಿಲ್ಲೆ

ಗುದ್ದಲಿಯ ಕಾವು ಮತ್ತೆ ಅಲುಗುತ್ತಿದೆ, ಇದನ್ನೊಂದು ಸರಿ ಮಾಡಿಸಲಿಕ್ಕೂ ಈ ಮನೆಯಲ್ಲಿ ಯಾರಿಗೂ ಬಿಡುವಿಲ್ಲ, ಇದು ಎಷ್ಟನೇ ಗುಂಡಿಯೋ, ಹಿಪ್ಪುನೇರಳೆ ಬೇರು ಬಿಟ್ಟರೆ ಏನೂ ಇಲ್ಲ — ಯಾವ ಸಾಲು ಅಂತ ಸರಿಯಾಗಿ ಹೇಳವ್ವಾ ಅಂದರೆ ಬದುವಿನ ಮೇಲೆ ಕೂತ ಮುನಿಯಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ಆ ಕಡೆ ಕಣೇ, ಅಲ್ಲ ಈ ಕಡೆ, ಅಯ್ಯೋ ದೇವುಡಾ, ನಂಗೆಲ್ಲಿ ಗ್ಯಾಪಕ ಐತೆ. ನನ್ನ ಅತ್ತೆಯೂ ಇವಳೇ, ಅಮ್ಮನ ಅಮ್ಮನೂ ಇವಳೇ, ಸೋದರಮಾವನಿಗೆ ನನ್ನನ್ನು ಕಟ್ಟಿದವಳೂ ಇವಳೇ, ಬೈಯೋಣವೆಂದರೆ ಯಾವ ಸಂಬಂಧ ಹಿಡಿದು ಬೈಯಲಿ. ನನ್ನ ಮಗಳು ಪವಿತ್ರಳ ತಲೆಯಿಂದ ತೆಗೆದ ಗಡ್ಡೆಯ ಚೂರನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ ಆಸ್ಪತ್ರೆಯವರು ಪುಟ್ಟ ಡಬ್ಬಿಯಲ್ಲಿ ಕೊಟ್ಟರು, ಸೋಮವಾರ ಜೀನ್ ಪರೀಕ್ಷೆಯ ಲ್ಯಾಬಿಗೆ ನೀವೇ ಮುಟ್ಟಿಸಿ, ಜೋಪಾನ ಕಣಮ್ಮ, ಹತ್ತೊಂಬತ್ತು ಇಪ್ಪತ್ತರ ಮಕ್ಕಳಲ್ಲಿ ಒಮ್ಮೊಮ್ಮೆ ಅಪರೂಪದ ಮ್ಯುಟೇಶನ್ ಇರುತ್ತೆ, ಇದ್ದರೆ ಅದಕ್ಕೇ ಅಂತ ಮಾತ್ರೆ ಇದೆ, ಉಳಿದಿರೋದು ಇದೊಂದೇ ಚೂರು, ಕಳೆದರೆ ತಲೆ ಮತ್ತೆ ತೆರೀಬೇಕು — ತೆರೀಬೇಕಂತೆ, ಅದೇನು ಡಬ್ಬಿಯ ಮುಚ್ಚಳವೇ. ಬೀರುವಿನಲ್ಲಿ ಇಟ್ಟಿದ್ದೆ. ಕೂಸಿನ ತಲೆ ಒಳಗಿಂದು ಸೀರೆ ಮಧ್ಯೆ ಇಟ್ಕೊಂತಾರೇನೇ, ಮಣ್ಣಿಗೆ ಕೊಟ್ರೆ ರೋಗಾನೂ ಮಣ್ಣಾಗ್ತದೆ ಅಂತ ಈ ಮುದುಕಿ, ನಾನು ಹುಳುವಿಗೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಹೂತು, ಕಾಲು ತೊಳೆದು ಕೂತಿದ್ದಾಳೆ.

ಊರಿನವರು ಇನ್ನೊಂದು ಥರ, ಒಬ್ಬೊಬ್ಬರೇ ಬಂದು ರಕ್ತದೊಳಗೆ ರಕ್ತ ಸೇರಿದ್ದಕ್ಕೇ ಹಿಂಗಾಯ್ತು ಅಂತ ಹೇಳಿ ಕಾಫಿ ಕುಡಿದು ಹೋಗುತ್ತಾರೆ, ಡಾಕ್ಟರು ಎಷ್ಟು ಸಲ ಹೇಳಲಿಲ್ಲ, ಇದು ಹುಟ್ಟಿನಿಂದ ಬಂದಿದ್ದಲ್ಲಮ್ಮ, ಗಡ್ಡೆ ಒಳಗೇ ಆಗಿರೋ ತಪ್ಪು, ನಿಮ್ಮ ಮದುವೆಗೂ ಇದಕ್ಕೂ ಏನೂ ಇಲ್ಲ — ಅದನ್ನು ಬರೆದು ಬಾಗಿಲಿಗೆ ಅಂಟಿಸಲೇ. ಫೋನು, ಮತ್ತೆ ಗಂಡನದೇ, ಇಟ್ಟಿಗೆ ಗೂಡಿನ ಪಾಳಿ ಮುಗಿಸಿ ಲ್ಯಾಬಿಗೆ ಹೋಗಲು ಮಾಲೂರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾನೆ, ಇವತ್ತೇ ಸೋಮವಾರ, ಎಲ್ಲಿದ್ದೀಯೇ, ಟ್ರೈನು ಬರೋ ಹೊತ್ತಾಯ್ತು — ನಿಮ್ಮಮ್ಮನ್ನ ಕೇಳು ಮಾವ ಎಂದು ಕಿರುಚಿ ಇಟ್ಟೆ.

ಗುದ್ದಲಿಗೆ ಬಟ್ಟೆ ಸಿಕ್ಕಿತು. ಅರಿಶಿನದ ಬಟ್ಟೆ, ಒಳಗೆ ಡಬ್ಬಿ, ಮುಚ್ಚಳ ಬಿಗಿಯಾಗಿದೆ, ಮೇಣಕ್ಕೆ ಏನೂ ಆಗಿಲ್ಲ, ಸ್ವಾಮೀ, ಏನೂ ಆಗಿಲ್ಲ, ಕುಣಿಯಬೇಕು ಅನ್ನಿಸಿತು. ಜೊತೆಗೆ ಇನ್ನೇನೋ ಇದೆ, ಕುಂಕುಮ, ಹಾಲು ತುಪ್ಪದ ವಾಸನೆ, ಎರಡು ಹಸಿರು ಬಳೆ — ಇದನ್ನು ನಾನು ನೋಡಿದ್ದೇನೆ, ಮದುವೆಯಾಗದೆಯೇ ತೀರಿಕೊಂಡ ಚಿಕ್ಕಮ್ಮನನ್ನು ಮಣ್ಣು ಮಾಡಿದ ದಿನ ಇದೇ ಮುನಿಯಲ್ಲಮ್ಮ ಮಗಳ ಪಕ್ಕ ಹೀಗೇ ಬಳೆ ಇಟ್ಟಿದ್ದಳು. ಅವ್ವಾ, ಏನವ್ವಾ ಇದು, ನನ್ನ ಮಗಳು ಬದುಕಿದಾಳೆ ಕಣವ್ವಾ. ಮನೆಯ ಹಿತ್ತಲ ಬಾಗಿಲಲ್ಲಿ ಪವಿತ್ರ, ಬೋಳಿಸಿದ ತಲೆಗೆ ಟವಲು ಸುತ್ತಿಕೊಂಡು, ಸಿಕ್ತೇನಮ್ಮಾ. ಸಿಕ್ತು ಅನ್ನಬೇಕು, ಓಡಬೇಕು, ಈಗ ಬಸ್ಸು ಹಿಡಿದರೆ ಮುಂದಿನ ಟ್ರೈನಾದರೂ, ಹಸಿರು ಬಳೆ, ಏನಮ್ಮಾ ಸಿಕ್ತಾ, ಎರಡು ಹಸಿರು ಬಳೆ, ಪವಿತ್ರಳ ಕೈಯಳತೆಯವೇ, ಹಸಿರು ಬಳೆ