ಹುಡುಗಿಯರ ತಂಡ ಬರುವುದಿಲ್ಲವಂತೆ

ಶುಕ್ರವಾರ ಬೆಳಿಗ್ಗೆ ಅಶ್ವಿನಿ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಒಲೆಕಟ್ಟೆಯ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹೆಡ್‌ಮಾಸ್ಟರ್ ಶಿವಮೂರ್ತಪ್ಪನವರ ಸಂದೇಶ. ನಾಳೆ ಸೊರಬದಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ, ಉಳವಿ ಹೋಬಳಿಯಲ್ಲಿ ಗೆದ್ದು ಹೊರಟಿರುವ ನಮ್ಮ ಶಾಲೆಯ ಬಾಲಕರ ಕಬಡ್ಡಿ ತಂಡಕ್ಕೆ ಎಲ್ಲರೂ ಶುಭ ಹಾರೈಸಬೇಕು ಎಂದಿತ್ತು. ಕೆಳಗೊಂದು ಫೋಟೊ. ಹೊಸ ನೀಲಿ ಅಂಗಿ ತೊಟ್ಟ ಹುಡುಗರು, ನಡುವೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ತೋಟಪ್ಪ, ಪಕ್ಕದಲ್ಲಿ ಆಟದ ಮೇಷ್ಟ್ರು ಶರತ್.

ಅಶ್ವಿನಿ ಹಿಟ್ಟಿನ ಬೆರಳನ್ನು ಸೀರೆಗೆ ಒರೆಸಿಕೊಂಡು ಸಂದೇಶವನ್ನು ಮೇಲಿನಿಂದ ಮತ್ತೆ ಓದಿದಳು. ಅದೇ ಹೋಬಳಿಯಲ್ಲಿ, ಅದೇ ದಿನ ಹುಡುಗಿಯರ ಖೋ ಖೋ ತಂಡವೂ ಗೆದ್ದಿತ್ತು. ಅವಳ ಮಗಳು ಧನ್ಯಾ ಆ ತಂಡದಲ್ಲಿದ್ದಳು. ಕೆಸರಾಗಿದ್ದ ಮೈದಾನದಲ್ಲಿ ತಂಡದ ನಾಯಕಿ ಗಂಗಾಶ್ರೀ ಮೊಣಕೈ ತರಚಿಕೊಂಡು ಬಿದ್ದು ಕೊನೆಯವಳನ್ನು ಔಟ್ ಮಾಡಿದ್ದನ್ನು ಅಶ್ವಿನಿ ಕಣ್ಣಾರೆ ಕಂಡಿದ್ದಳು. ಆ ಗೆಲುವಿನ ಬಗ್ಗೆ ಗುಂಪಿನಲ್ಲಿ ಇವತ್ತಿನ ತನಕ ಒಂದಕ್ಷರ ಬಂದಿರಲಿಲ್ಲ.

ಹುಡುಗಿಯರೂ ನಾಳೆ ಹೋಗುತ್ತಾರಲ್ಲವೇ ಸರ್ ಎಂದು ಅವಳು ಬರೆದಳು. ಬಹಳ ಹೊತ್ತಾದ ಮೇಲೆ ಹೆಡ್‌ಮಾಸ್ಟರ್ ಕಡೆಯಿಂದ ಒಂದು ಹಳದಿ ಹೆಬ್ಬೆರಳು ಬಂತು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಆ ಹೆಬ್ಬೆರಳನ್ನು ನೋಡಿ ಅವಳ ಮೈ ಉರಿಯಿತು.

ಅವಳು ಬರೀ ಧನ್ಯಾಳ ತಾಯಿಯಾಗಿ ಕೇಳಿದ್ದಲ್ಲ. ತೋಟಪ್ಪ ಅಧ್ಯಕ್ಷನಾಗಿದ್ದ ಶಾಲಾ ಸಮಿತಿಗೇ ಅವಳು ಉಪಾಧ್ಯಕ್ಷೆ. ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಇರಲೇಬೇಕೆಂದಾಗ ತೋಟಪ್ಪ ಮನೆಗೆ ಬಂದು, ಅವಳನ್ನಲ್ಲ, ಅವಳ ಗಂಡ ಸಂಗಮೇಶನನ್ನು ಕೇಳಿ ಹೆಸರು ಸೇರಿಸಿಕೊಂಡು ಹೋಗಿದ್ದ. ಸಭೆಯೆಂದರೆ ಗಂಡಸರು ಮಾತಾಡಿ ಮುಗಿಸಿದ ಮೇಲೆ ಇವಳನ್ನು ಕರೆಯುವುದು. ಇವಳು ಬಾಗಿಲ ಬಳಿ ನಿಂತು, ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬರುವುದು. ಅದನ್ನೆಲ್ಲ ನುಂಗಿಕೊಂಡಿದ್ದಳು. ಊರಲ್ಲಿ ಬಾಳಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮಧ್ಯಾಹ್ನ ಶಾಲೆಗೇ ಹೋದಳು. ಶಿವಮೂರ್ತಪ್ಪ ತಣ್ಣಗೆ ಕುಳಿತು ತಣ್ಣಗೆ ಮಾತಾಡಿದರು. ತೋಟಪ್ಪನವರ ಕ್ರೂಸರ್ ಗಾಡಿ ಮೊದಲು ಹುಡುಗರನ್ನು ಬಿಟ್ಟು ಬರುತ್ತದೆ, ಆಮೇಲೆ ಹುಡುಗಿಯರನ್ನು ಕರೆದುಕೊಂಡು ಹೋಗುತ್ತದೆ, ಆಟ ಇರುವುದು ಹನ್ನೊಂದಕ್ಕೆ, ಎಂಟರ ಹೊತ್ತಿಗೆ ಮಕ್ಕಳು ಗೇಟಿನ ಹತ್ತಿರ ಇದ್ದರೆ ಸಾಕು ಎಂದರು. ಸುಮ್ಮನೆ ಸಿಟ್ಟು ಮಾಡಿಕೊಂಡೆನೇನೋ ಎಂದುಕೊಂಡು ಅಶ್ವಿನಿ ಮನೆಗೆ ಬಂದಳು.

ಶನಿವಾರ ಮಳೆ ನಿಂತು ಹೊಳವಾಗಿತ್ತು. ಎಂಟಕ್ಕೆ ಮುಂಚೆಯೇ ಒಂಬತ್ತು ಜನ ಹುಡುಗಿಯರೂ ಗೇಟಿನ ಬಳಿ ಸೇರಿದ್ದರು. ಹೊಸ ಅಂಗಿ ಯಾರಿಗೂ ಇರಲಿಲ್ಲ. ಸಮವಸ್ತ್ರದ ಲಂಗದ ಒಳಗೆ ಪ್ಯಾಂಟು ಹಾಕಿ, ಜಡೆ ಮೇಲೆ ಮಡಚಿ ಕಟ್ಟಿ ಬಂದಿದ್ದರು. ಗಂಗಾಶ್ರೀಯ ಅಜ್ಜಿ ವೀರಮ್ಮ ಮೊಮ್ಮಗಳ ಮೊಣಕೈಗೆ ಬಟ್ಟೆ ಸುತ್ತುತ್ತಿದ್ದಳು. ಅಶ್ವಿನಿ ಮಗಳನ್ನು ಬಿಟ್ಟು ಹೋಗಲೆಂದು ಬಂದವಳು, ಗಾಡಿ ಹತ್ತಿಸಿಯೇ ಹೋಗೋಣವೆಂದು ನಿಂತಳು.

ಗಾಡಿ ಬರಲಿಲ್ಲ. ಶಾಲೆಯ ಪ್ರಾರ್ಥನೆ ಮುಗಿಯಿತು, ಮೊದಲ ಪಾಠದ ಗಂಟೆ ಹೊಡೆಯಿತು. ನಿಂತ ಹುಡುಗಿಯರು ಚರಂಡಿಯ ಕಟ್ಟೆಯ ಮೇಲೆ ಕುಳಿತರು, ಮತ್ತೆ ಎದ್ದರು. ರಸ್ತೆಯ ತಿರುವಿನಲ್ಲಿ ಏನು ಸದ್ದಾದರೂ ಎಲ್ಲರ ಕತ್ತೂ ಅತ್ತ ತಿರುಗುತ್ತಿತ್ತು. ಅಶ್ವಿನಿ ಶರತ್‌ಗೆ ಫೋನ್ ಮಾಡಿದಳು. ಎತ್ತಲಿಲ್ಲ. ತೋಟಪ್ಪನಿಗೆ ಮಾಡಿದಳು. ಹಿಂದೆ ಮೈಕಿನ ಗದ್ದಲ ಕೇಳುತ್ತಿತ್ತು.

"ಗಾಡಿ ಕುರ್ಚಿ ತರಕ್ಕೆ ಹೋಗೈತೆ ತಂಗಿ," ಎಂದ ತೋಟಪ್ಪ. "ಅತಿಥಿಗಳು ಬರೋ ಹೊತ್ತಾತು. ಹುಡುಗೇರ್ದು ಈ ವರ್ಷ ಬಿಡು. ಗೆಲ್ಲೋದೇನೂ ಇಲ್ಲ, ಸುಮ್ನೆ ಮಕ್ಳಿಗೆ ತ್ರಾಸು."

ಫೋನು ಕಿವಿಯಲ್ಲೇ ಇತ್ತು, ಅತ್ತಲಿಂದ ಆಗಲೇ ಕಟ್ಟಾಗಿತ್ತು. ಧನ್ಯಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅಶ್ವಿನಿ ನೇರವಾಗಿ ಹೆಡ್‌ಮಾಸ್ಟರ್ ಕೋಣೆಗೆ ನಡೆದಳು.

ಶಿವಮೂರ್ತಪ್ಪ ಗಾಡಿಯ ಮಾತೇ ಎತ್ತಲಿಲ್ಲ. ಹುಡುಗಿಯರ ಜೊತೆ ಹೆಣ್ಣು ಶಿಕ್ಷಕರೊಬ್ಬರು ಹೋಗಲೇಬೇಕು, ಇರುವ ಒಬ್ಬ ಟೀಚರ್‌ಗೆ ಶಿವಮೊಗ್ಗದಲ್ಲಿ ತರಬೇತಿ, ಹೆಚ್ಚುಕಡಿಮೆಯಾದರೆ ಯಾರು ಜವಾಬ್ದಾರಿ ಎಂದು ಕೇಳಿದರು. ತರಬೇತಿಯ ವಿಷಯ ಯಾವಾಗ ಗೊತ್ತಾಯಿತು ಎಂದು ಅಶ್ವಿನಿ ಕೇಳಿದಳು. ಅವರು ಮೇಜಿನ ಮೇಲಿದ್ದ ಪೆನ್ನನ್ನು ಈಚೆಯಿಂದ ಆಚೆಗಿಟ್ಟರು. ಗುರುವಾರ ಎಂದರು.

ಅಂದರೆ ನಿನ್ನೆ ತನ್ನೆದುರು ಅಷ್ಟು ತಣ್ಣಗೆ ಮಾತಾಡುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಎಂಟು ಗಂಟೆಗೆ ಗೇಟಿನ ಹತ್ತಿರ ನಿಲ್ಲಿ ಎಂದಿದ್ದರು. ಕಾದು ಕಾದು ಬೇಸತ್ತು ತಾವಾಗಿಯೇ ಮನೆಗೆ ಹೋಗಲಿ ಎಂದು.

"ನಾನು ಕರ್ಕೊಂಡು ಹೋಗ್ತೀನಿ," ಎಂದಳು.

"ಹಾಗೆಲ್ಲ ಬರಲ್ಲಮ್ಮ. ಅನುಮತಿ ಅಂತ ಇರುತ್ತೆ."

"ಮಕ್ಳನ್ನ ಬೆಳಿಗ್ಗೆಯಿಂದ ರಸ್ತೆ ಮೇಲೆ ನಿಲ್ಸಕ್ಕೆ ಯಾರ ಅನುಮತಿ ತಗೊಂಡ್ರಿ ಸರ್? ನಾನು ಈ ಸಮಿತಿ ಉಪಾಧ್ಯಕ್ಷೆ. ಏನಾದ್ರೂ ಆದ್ರೆ ನನ್ನ ಹೆಸರು ಹೇಳಿ."

ಗೇಟಿನ ಹತ್ತಿರ ನಿಂತೇ ಒಬ್ಬೊಬ್ಬ ತಾಯಿಗೂ ಫೋನ್ ಮಾಡಿದಳು. ಕರ್ಕೊಂಡು ಹೋಗು ಮಾರಾಯ್ತಿ ಎಂದವರೇ ಎಲ್ಲರೂ. ವೀರಮ್ಮ ಯಾರೂ ಕರೆಯದೆಯೇ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಹೊರಟಳು. ಉಳವಿಯಿಂದ ಬಂದ ಖಾಸಗಿ ಬಸ್ಸು ತುಂಬಿ ಜನ ಬಾಗಿಲಿಗೆ ಜೋತುಬಿದ್ದಿದ್ದರು. ಜಾಗವಿಲ್ಲವೆಂದ ಕಂಡಕ್ಟರನಿಗೆ ಉತ್ತರ ಕೊಡದೆ ಅಶ್ವಿನಿ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ನೂಕಿದಳು. ಅವಳ ಮುಖ ನೋಡಿ ಅವನೂ ಪಕ್ಕಕ್ಕೆ ಸರಿದ. ದಾರಿಯುದ್ದಕ್ಕೂ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ನಿಂತಾಗೆಲ್ಲ ಅಶ್ವಿನಿ ಫೋನಿನಲ್ಲಿ ಗಂಟೆ ನೋಡಿದಳು.

ಹನ್ನೊಂದು ದಾಟಿದ ಮೇಲೆ ಸೊರಬದ ಮೈದಾನ ಮುಟ್ಟುವಾಗ ವೇದಿಕೆಯ ಮೇಲೆ ಅತಿಥಿಯೊಬ್ಬರ ಭಾಷಣ ನಡೆದಿತ್ತು. ಖೋ ಖೋ ಅಂಕಣದ ಪಕ್ಕದ ಮೇಜಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಮೇಷ್ಟ್ರೊಬ್ಬರು ಕುಳಿತಿದ್ದರು. ಯಾವ ಹೋಬಳಿ ಎಂದು ಕೇಳಿ, ಉಳವಿ ಎಂದ ಕೂಡಲೇ ಇಲ್ಲವೆಂದು ತಲೆಯಾಡಿಸಿದರು. ಆಟ ಮುಗಿಯಿತು, ಕುಪ್ಪಗಡ್ಡೆ ಹೋಬಳಿಯ ತಂಡಕ್ಕೆ ಆಡದೆಯೇ ಗೆಲುವು ಕೊಟ್ಟಾಯಿತು ಎಂದರು. ತಡವಾಗಿದ್ದು ಸ್ವಲ್ಪವೇ ಅಲ್ಲವೇ, ಮಕ್ಕಳು ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಾರೆ ಎಂದು ಅಶ್ವಿನಿ ಹೇಳುತ್ತಿದ್ದಂತೆ ಅವರು ಕೈಯೆತ್ತಿ ತಡೆದರು.

"ತಡ ಅಂತ ಅಲ್ಲ ಮೇಡಂ. ಹುಡುಗಿಯರ ತಂಡ ಬರೋದಿಲ್ಲ ಅಂತ ನಿಮ್ಮ ಮೇಷ್ಟ್ರೇ ಬೆಳಿಗ್ಗೆ ಬಂದು ಹೇಳಿದ್ರು."

ಅವರು ತೋರಿಸಿದ ಕಡೆ ಅಶ್ವಿನಿ ತಿರುಗಿದಳು. ಬೇಲಿಯ ಪಕ್ಕದ ಮರದ ಕೆಳಗೆ ನೀಲಿ ಅಂಗಿಯ ಹುಡುಗರು ಸುತ್ತ ಕುಳಿತು ಚಿತ್ರಾನ್ನ ತಿನ್ನುತ್ತಿದ್ದರು. ಮೊದಲ ಆಟದಲ್ಲೇ ಸೋತಿದ್ದರಂತೆ. ನಡುವೆ ಶರತ್ ನಿಂತಿದ್ದ. ಇವಳನ್ನು ಕಂಡವನೇ ಕೈಯಲ್ಲಿದ್ದ ತಟ್ಟೆಯನ್ನು ನೋಡತೊಡಗಿದ.

ತನ್ನ ಹಿಂದೆಯೇ ನಿಂತಿದ್ದ ಹುಡುಗಿಯರೂ ಆ ಮಾತು ಕೇಳಿಸಿಕೊಂಡರು ಎಂಬುದು ಅಶ್ವಿನಿಗೆ ಆಗ ತಿಳಿಯಿತು. ಯಾರೂ ಅಳಲಿಲ್ಲ. ಅಷ್ಟು ಹೊತ್ತೂ ಅವಳೊಳಗೆ ಕುದಿಯುತ್ತಿದ್ದದ್ದು ಒಮ್ಮೆಲೇ ಗಟ್ಟಿಯಾಯಿತು. ಕೂಗಾಡಬೇಕೆನಿಸಲಿಲ್ಲ. ಶರತ್‌ನ ಬಳಿ ಹೋಗಿ, ಬೆಳಿಗ್ಗೆಯಿಂದ ಫೋನ್ ಯಾಕೆ ಎತ್ತಲಿಲ್ಲ ಎಂದಷ್ಟೇ ಕೇಳಿದಳು.

"ಹೆಡ್‌ಮಾಸ್ಟರ್ ಹಾಗೆ ಹೇಳು ಅಂದ್ರು ಅಕ್ಕ. ಅಧ್ಯಕ್ಷರೂ ಹೂಂ ಅಂದ್ರು. ನಾನೇನು ಮಾಡ್ಲಿ?"

"ಈ ಮಕ್ಳಿಗೆ ಆಟ ಕಲ್ಸಿದ್ದು ಯಾರು?"

"ನಾನೇ."

"ಹಂಗಾದ್ರೆ ತಟ್ಟೆ ಕೆಳಗಿಡು. ಬಂದು ಅವರಿಗೆ ನಿಜ ಹೇಳು."

ಅವನು ಬಂದ. ಕೆಂಪಗಾದ ಮುಖ ಹೊತ್ತು ಮೇಜಿನ ಮುಂದೆ ನಿಂತು, ತಾನು ಹೇಳಿದ್ದು ಸುಳ್ಳು, ಮಕ್ಕಳು ಬೆಳಿಗ್ಗೆಯಿಂದ ಸಿದ್ಧವಾಗಿದ್ದರು, ಅವರನ್ನು ಕರೆತರಲಿಲ್ಲ ಎಂದ. ಸೀಟಿಯ ಮೇಷ್ಟ್ರಿಗೂ ಕಸಿವಿಸಿಯಾಯಿತು. ಆದರೆ ಮುಂದಿನ ಸುತ್ತಿನ ಜೋಡಿಗಳೆಲ್ಲ ನಿಗದಿಯಾಗಿವೆ, ಈಗ ಏನೂ ಮಾಡಲಾಗದು ಎಂದರು.

ಆಗ ಗಂಗಾಶ್ರೀ ಯಾರನ್ನೂ ಕೇಳದೆ ಅಂಕಣದೊಳಗೆ ಹೋಗಿ ಮೊದಲ ಚೌಕದಲ್ಲಿ ಮೊಣಕಾಲೂರಿ ಕುಳಿತಳು. ಅವಳ ಹಿಂದೆ ಇನ್ನೊಬ್ಬಳು ಹೋಗಿ ಆಚೆ ಮುಖ ಮಾಡಿ ಎರಡನೆಯದರಲ್ಲಿ ಕುಳಿತಳು. ಒಬ್ಬಳು ಈಚೆ, ಒಬ್ಬಳು ಆಚೆ, ಆಟದಲ್ಲಿ ಕೂರುವಂತೆಯೇ ಎಂಟೂ ಚೌಕ ತುಂಬಿದವು. ಉಳಿದ ಧನ್ಯಾ ಕಂಬದ ಹತ್ತಿರ ನಿಂತಳು. ಮುಂದಿನ ಪಂದ್ಯದ ತಂಡಗಳು ಗೆರೆಯ ಹೊರಗೇ ಉಳಿದವು. ಸೀಟಿ ಊದಿದರು, ಮೈಕಿನಲ್ಲಿ ಕರೆದರು, ಅಂಕಣ ಬಿಡಬೇಕೆಂದು ಗದರಿದರು. ಹುಡುಗಿಯರು ಅಲುಗಲಿಲ್ಲ.

ವೇದಿಕೆಯ ಕಡೆಯಿಂದ ತೋಟಪ್ಪ ಓಡೋಡಿ ಬಂದ. ಊರಿನ ಮಾನ ಕಳೆಯುತ್ತಿದ್ದೀಯ, ಮೊದಲು ಮಕ್ಕಳನ್ನು ಎಬ್ಬಿಸು ಎಂದು ಅಶ್ವಿನಿಗೆ ಪಿಸುಗುಟ್ಟಿದ.

"ಗಟ್ಟಿಯಾಗಿ ಹೇಳು ತೋಟಪ್ಪಣ್ಣ," ಎಂದಳು ಅಶ್ವಿನಿ. "ಕುರ್ಚಿ ತರಕ್ಕೆ ಗಾಡಿ ಇತ್ತು, ಈ ಮಕ್ಳನ್ನ ತರಕ್ಕೆ ಇರ್ಲಿಲ್ಲ ಅಂತ. ಮೈಕ್ ಅಲ್ಲೇ ಇದೆ, ಹೋಗಿ ಹೇಳು."

ಸುತ್ತ ಜನ ಕೂಡಿದ್ದರು. ತೋಟಪ್ಪ ಅತ್ತಿತ್ತ ನೋಡಿ, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಹಿಂದೆ ಸರಿದ. ವೀರಮ್ಮ ಅಂಕಣದ ಗೆರೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಎಲೆಯಡಿಕೆ ಚೀಲ ಬಿಚ್ಚಿದಳು, ಸಂಜೆಯವರೆಗೂ ಏಳುವವಳಲ್ಲ ಎಂಬಂತೆ.

ಕೊನೆಗೆ ದಾರಿ ಮಾಡಿದ್ದು ಎದುರು ತಂಡ. ಕುಪ್ಪಗಡ್ಡೆ ಕಡೆಯ ಹುಡುಗಿಯರು ತಮ್ಮತಮ್ಮಲ್ಲೇ ಗುಸುಗುಸು ಮಾಡಿ ತಮ್ಮ ಟೀಚರನ್ನು ಎಳೆದು ತಂದರು. ನಮ್ಮ ಮಕ್ಕಳೂ ಆಡಬೇಕೆಂದೇ ಬಂದವರು, ಆಡಿಸಿಬಿಡಿ ಸರ್, ನಮ್ಮ ತಕರಾರಿಲ್ಲ ಎಂದರು ಆ ಟೀಚರ್. ಸೀಟಿಯ ಮೇಷ್ಟ್ರು ಇನ್ನಿಬ್ಬರ ಜೊತೆ ಮಾತಾಡಿ ಬಂದು, ನೀರು ಕುಡಿದು ಸಿದ್ಧರಾಗಿ ಎಂದು ಎರಡೂ ತಂಡಗಳಿಗೆ ಹೇಳಿದರು.

ಆಡಿದರು. ಮೊದಲ ಸರದಿಯಲ್ಲಿ ಉಳವಿಯವರದ್ದೇ ಮೇಲುಗೈ. ಗಂಗಾಶ್ರೀ ಕಂಬ ಸುತ್ತಿ ಹಾರಿದ್ದಕ್ಕೆ ಎದುರು ತಂಡದವರೂ ಚಪ್ಪಾಳೆ ತಟ್ಟಿದರು. ಎರಡನೆಯ ಸರದಿಗೆ ಕಾಲು ಸೋತವು. ಬೆಳಿಗ್ಗೆ ಗೇಟಿನಲ್ಲಿ ನಿಂತು, ಬಸ್ಸಿನಲ್ಲಿ ನಿಂತು, ಏನೂ ತಿನ್ನದೆ ಬಂದ ಮಕ್ಕಳು. ಧನ್ಯಾ ತಿರುಗುವಾಗ ಜಾರಿ ಬಿದ್ದಳು. ಎರಡು ಅಂಕಗಳಿಂದ ಸೋತರು. ಗೆದ್ದವರು ಬಂದು ಕೈಕುಲುಕಿದಾಗ ಗಂಗಾಶ್ರೀ ನಕ್ಕಳು, ಆಮೇಲೆ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಡಿಸಿದೆನಲ್ಲ ಎಂಬ ಸಮಾಧಾನ ಅಶ್ವಿನಿಗೆ ಆಗಲೇ ಇಲ್ಲ. ಒಂದು ತುತ್ತು ತಿಂದು, ಕುಳಿತುಕೊಂಡು ಬಂದಿದ್ದರೆ ಗೆಲ್ಲುತ್ತಿದ್ದರು. ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಸಂಜೆ ಮನೆಯಲ್ಲಿ ಸಂಗಮೇಶ, ಆಟಕ್ಕೋಸ್ಕರ ಊರವರ ನಿಷ್ಠುರ ಯಾಕೆ ಕಟ್ಟಿಕೊಂಡೆ ಎಂದು ಕೇಳಿದ. ಅವಳು ಅವನಿಗೆ ಊಟ ಬಡಿಸಿದಳು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಅಶ್ವಿನಿ ಶಾಲೆಯಲ್ಲಿದ್ದಳು. ಒಂಬತ್ತು ಮಕ್ಕಳ ಮನೆಯಿಂದಲೂ ಒಬ್ಬರಾದರೂ ಬಂದಿದ್ದರು. ದಿನಾ ಮಕ್ಕಳೇ ವಾರ್ತೆ ಓದುವುದು ಅಲ್ಲಿಯ ರೂಢಿ. ದೇಶದ್ದು, ರಾಜ್ಯದ್ದು ಓದಿ, ಕೊನೆಗೆ ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ವಾರ್ತೆ ಓದಿದಳು. ತಾಲ್ಲೂಕು ಕ್ರೀಡಾಕೂಟದಲ್ಲಿ ನಮ್ಮ ಎರಡೂ ತಂಡಗಳು ಉತ್ಸಾಹದಿಂದ ಭಾಗವಹಿಸಿದವು, ವಾಹನ ಒದಗಿಸಿದ ಅಧ್ಯಕ್ಷರಿಗೆ ವಂದನೆಗಳು ಎಂದಳು. ಯಾರೋ ಬರೆದುಕೊಟ್ಟದ್ದು, ಪಾಪ, ಅವಳು ಓದಿದಳು.

ಅಶ್ವಿನಿ ಸಾಲುಗಳ ಪಕ್ಕದಿಂದ ನಡೆದು ಮುಂದೆ ಬಂದಳು. ಈ ವಾರ್ತೆ ತಪ್ಪು, ಸರಿಯಾದದ್ದನ್ನು ಹೆಡ್‌ಮಾಸ್ಟರೇ ಮಕ್ಕಳಿಗೆ ಹೇಳಬೇಕು ಎಂದಳು. ಒಳಗೆ ಕೂತು ಮಾತಾಡೋಣ ಎಂದು ಶಿವಮೂರ್ತಪ್ಪ ಅಂದರು. ಅವಳು ಕದಲಲಿಲ್ಲ, ಹಿಂದಿದ್ದ ತಾಯಂದಿರೂ ಕದಲಲಿಲ್ಲ. ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡು, ಸಂವಹನದ ಕೊರತೆಯಿಂದ ಬಾಲಕಿಯರಿಗೆ ಸ್ವಲ್ಪ ಅನಾನುಕೂಲವಾಯಿತು ಎಂದು ಶುರು ಮಾಡಿದರು.

"ಕೊರತೆ ಅಲ್ಲ ಸರ್," ಎಂದಳು ಅಶ್ವಿನಿ. "ಬರಲ್ಲ ಅಂತ ನೀವೇ ಹೇಳಿ ಕಳ್ಸಿದ್ರಿ. ಮಕ್ಳ ಹತ್ರ ಮಕ್ಳಿಗೆ ಅರ್ಥ ಆಗೋ ಹಾಗೆ ಹೇಳಿ."

ಶರತ್ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಶಿವಮೂರ್ತಪ್ಪ ಕನ್ನಡಕ ತೆಗೆದರು, ಹಾಕಿದರು. ನೀವು ಸಿದ್ಧರಾಗಿದ್ದಿರಿ, ನಾನು ನಿಮ್ಮನ್ನು ಕಳುಹಿಸಲಿಲ್ಲ, ಬರುವುದಿಲ್ಲವೆಂದು ಹೇಳಿಸಿದೆ, ಅದು ನನ್ನ ತಪ್ಪು ಎಂದರು. ದನಿ ಸಣ್ಣದಾಗಿತ್ತು, ಆದರೆ ಕೊನೆಯ ಸಾಲಿನವರೆಗೂ ಕೇಳಿಸಿತು.

ತೋಟಪ್ಪ ಮಾತ್ರ ತಪ್ಪು ಒಪ್ಪಲಿಲ್ಲ. ಉಳವಿ ಪೇಟೆಯಲ್ಲಿ ಸಂಗಮೇಶನನ್ನು ತಡೆದು ನಿನ್ನ ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು ಎಂದನಂತೆ. "ಅದನ್ನ ಅವಳಿಗೇ ಬಂದು ಹೇಳಿ, ಮನೇಲೇ ಇರ್ತಾಳೆ," ಎಂದು ಸಂಗಮೇಶ ತಿರುಗಿ ಹೇಳಿ ಬಂದ. ಅವನಿಂದ ಅಷ್ಟು ಮಾತು ಬರುತ್ತದೆಂದು ಅಶ್ವಿನಿ ಎಣಿಸಿರಲಿಲ್ಲ. ತೋಟಪ್ಪ ಬರಲಿಲ್ಲ. ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಸಮಿತಿಯ ಮುಂದಿನ ಸಭೆಗೆ ಅಶ್ವಿನಿ ಮೊದಲೇ ಹೋಗಿ ಕುರ್ಚಿ ಎಳೆದು ಕುಳಿತಳು. ಹುಡುಗಿಯರು ಹೊರಗೆ ಎಲ್ಲಿಗೆ ಹೋಗುವುದಿದ್ದರೂ ತಾಯಂದಿರಿಬ್ಬರು ಜೊತೆಗಿರಬೇಕು, ಗಾಡಿ ಒಂದೇ ಇದ್ದರೆ ಯಾರ ಆಟ ಮೊದಲೋ ಅವರಿಗೆ ಎಂದು ಸಭೆಯ ಪುಸ್ತಕದಲ್ಲಿ ಬರೆಸುವ ತನಕ ಏಳಲಿಲ್ಲ. ಹೊರಗೆ ಬರುವಾಗ ಅಂಗಳದಲ್ಲಿ ಶರತ್ ಹುಡುಗಿಯರನ್ನು ಓಡಿಸುತ್ತಿದ್ದ. ಧನ್ಯಾ ಬೆವರಿಕೊಂಡು ಬಂದು ತಾಯಿಯ ಕೈಹಿಡಿದಳು.

"ಇನ್ನೂ ಸಿಟ್ಟಲ್ಲಿದೀಯಾ ಅಮ್ಮ?"

"ಹೂಂ," ಎಂದಳು ಅಶ್ವಿನಿ. "ನೀನು ಹೋಗಿ ಆಡು."